ಹದಿನಾಲ್ಕರ ಸ್ಪ್ಯಾನರ್

"ಹಾಗೆ ಎಳೆದರೆ ಬರಲ್ಲ ರೀ. ಮೊದಲು ಹಿಂದಕ್ಕೆ ಒತ್ತಿ, ಆಮೇಲೆ ಎತ್ತಿ," ಎಂದಳು ಅವಳು, ಶೆಡ್ಡಿನ ಬಾಗಿಲಲ್ಲಿ ನಿಂತು.

ಗಂಡ ಅರ್ಧ ಗಂಟೆಯಿಂದ ಕಾರಿನ ಹಿಂದಿನ ಸೀಟಿನ ಜೊತೆ ಗುದ್ದಾಡುತ್ತಿದ್ದ. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು; ಹಿಂದೆ ದೊಡ್ಡವರು ಕೂತರೆ ಮಂಡಿ ಗಲ್ಲಕ್ಕೆ ತಾಗುವಷ್ಟು ಇಕ್ಕಟ್ಟು. ಅವನು ಹೆಂಡತಿ ಹೇಳಿದಂತೆ ಒತ್ತಿ ಎತ್ತಿದ. ಕಟಕ್ಕೆಂದು ಕ್ಲಿಪ್ಪು ಬಿಟ್ಟುಕೊಂಡಿತು. ಹೇಳಿಕೊಟ್ಟವಳ ಕಡೆ ತಿರುಗಿಯೂ ನೋಡಲಿಲ್ಲ.

ಕಾರಿನ ಸೀಟುಗಳ ವಿಷಯದಲ್ಲಿ ಅವಳದು ಎತ್ತಿದ ಕೈ. ಸೀಟಿನ ಕವರ್ ಹೊಲಿಯುವುದೇ ಅವಳ ಕಸುಬು. ಒಂಬತ್ತು ವರ್ಷದ ಹಿಂದೆ ಅವಳ ಅಂಗಡಿಗೆ ಇದೇ ಕಾರು ತಂದು, "ಹಿಂದಿನ ಸೀಟು ಹರಿದಿದೆ" ಎಂದು ನಿಂತವನು ಇವನು. ಸೀಟು ಹೊಲಿಸೋಕೆ ಬಂದವನು ಹೊಲಿಯುವವಳನ್ನೇ ಎತ್ತಿಕೊಂಡು ಹೋದ ಎಂದು ಅಂಗಡಿಯವರು ಈಗಲೂ ಕಾಲೆಳೆಯುತ್ತಾರೆ. ಮಗಳು ಹೊಟ್ಟೆಯಲ್ಲಿದ್ದಾಗ ಅದೇ ಸೀಟಿಗೆ ಮೆತ್ತನೆಯ ಬಟ್ಟೆ ಹಾಕಿ, ಎರಡೆಳೆ ದಾರದಲ್ಲಿ ಮತ್ತೊಮ್ಮೆ ಹೊಲಿದಿದ್ದಳು. ಆಗ ಅವನು ಪಕ್ಕದಲ್ಲೇ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟಿದ್ದ.

ಹೋದ ಸಲದ ಬೆಟ್ಟದ ರೇಸಿನಲ್ಲಿ ಅರ್ಧ ಸೆಕೆಂಡಿಗೆ ಸೋತ ಮೇಲೆ ಅವನ ಬಾಯಿಗೆ ಬೀಗ ಬಿದ್ದಿತ್ತು. ಮೂರು ವಾರದಿಂದ ಮಲಗುವುದೂ ಶೆಡ್ಡಿನಲ್ಲೇ. ಕೇಳಿದರೆ ಒಂದೇ ಮಾತು: "ಕಾರು ಹಗುರ ಆಗಬೇಕು." ಸ್ಟೆಪ್ನಿ ಹೋಯಿತು, ಜಾಕಿ ಹೋಯಿತು, ಕಾರ್ಪೆಟ್ಟೂ ಹೋಯಿತು. ಇವನು ಒಂದು ದಿನ ತನ್ನನ್ನೂ ಮಗಳನ್ನೂ ಬಿಟ್ಟು ಹೊರಟೇಬಿಡುತ್ತಾನೆ ಎಂಬ ಹೆದರಿಕೆ ಅವಳಿಗೆ. ಬಾಯಿಬಿಟ್ಟು ಕೇಳಿದರೆ ಅದು ನಿಜವೇ ಆಗಿಬಿಟ್ಟೀತು ಎಂದು ಸುಮ್ಮನಿದ್ದಳು.

"ಬಾ ಇಲ್ಲಿ, ಇದನ್ನ ಹಿಡ್ಕೊಂಡು ನಿಂತ್ಕೋ," ಎಂದ.

ನೆಲದ ಮೇಲೆ ಬಚ್ಚಲುಮನೆಯಿಂದ ತಂದ ತೂಕದ ಯಂತ್ರವಿತ್ತು. ಸೀಟು ಅದರ ಮೇಲೆ ನೆಟ್ಟಗೆ ಕೂರುವುದಿಲ್ಲ; ಒಬ್ಬರು ತಬ್ಬಿಕೊಂಡು ನಿಲ್ಲಬೇಕು, ಆಮೇಲೆ ನಿಂತವರ ತೂಕ ಕಳೆಯಬೇಕು. ಅವಳು ಮೊದಲು ಬರಿಗೈಯಲ್ಲಿ ನಿಂತಳು. ಐವತ್ತೆಂಟು. ಸೀಟು ಹಿಡಿದು ನಿಂತಳು, ಅರವತ್ತನಾಲ್ಕು. ಬೆನ್ನು ಆನಿಸುವ ಒರಗನ್ನು ಹಿಡಿದಾಗ ಅರವತ್ತೇಳು. ಅವನು ಗೋಡೆಯ ಕಡೆ ತಿರುಗಿ ಸೀಮೆಸುಣ್ಣದಲ್ಲಿ ಬರೆದುಕೊಂಡ.

"ಇನ್ನು ಪುಟ್ಟಿ ಎಲ್ಲಿ ಕೂರ್ತಾಳೆ?"

"ನೋಡೋಣ."

"ನೋಡೋದೇನು? ಸೋಮವಾರ ಸ್ಕೂಲಿಗೆ ಬಿಡೋದು ಯಾರು?"

ಅವನು ನೀರು ಕುಡಿಯಲು ಒಳಗೆ ಹೋದ.

ಏಳು ವರ್ಷದ ಮಗಳು ಓಡಿಬಂದು, ನೆಲದಲ್ಲಿಟ್ಟ ಸೀಟಿನ ಮೇಲೆ ಮಹಾರಾಣಿಯಂತೆ ಕೂತಳು. "ಅಮ್ಮಾ, ಇದು ಇನ್ಮೇಲೆ ನನ್ನ ಸೋಫಾ! ಅಪ್ಪ ಬೆಳಿಗ್ಗೆ ನನ್ನನ್ನೂ ತೂಗಿದ್ರು ಗೊತ್ತಾ? ಇಪ್ಪತ್ತೆರಡು!"

"ನಿನ್ನನ್ನ ಯಾಕೆ?"

"ಸುಮ್ನೆ."

ಅವಳು ಗೋಡೆಯ ಹತ್ತಿರ ಹೋದಳು. ಸ್ಟೆಪ್ನಿ ಹದಿಮೂರು, ಜಾಕಿ ಮೂರು, ಕಾರ್ಪೆಟ್ ಐದು, ಸೀಟು ಆರು, ಒರಗು ಒಂಬತ್ತು. ಅವುಗಳ ಕೆಳಗೆ ಹೆಸರಿಲ್ಲದ ಎರಡು ಅಂಕಿ: ಇಪ್ಪತ್ತೆರಡು, ಐವತ್ತೆಂಟು. ನಿಂತವರ ತೂಕ ಕಳೆಯಲೆಂದು ಬರೆದಿಟ್ಟುಕೊಂಡಿರಬೇಕು ಅಂದುಕೊಂಡಳು. ಅದರಡಿ ಗೆರೆ ಎಳೆದು ಮೊತ್ತ ಬರೆದಿದ್ದ: ನೂರ ಹದಿನಾರು.

ಬೆರಳು ಮಡಚಿ ಕೂಡಿದಳು. ಸಾಮಾನುಗಳದ್ದು ಮೂವತ್ತಾರೇ. ತಾನೇ ತಪ್ಪಿರಬೇಕೆಂದು ಮತ್ತೆ ಮೊದಲಿಂದ ಕೂಡಿದಳು, ಆಗಲೂ ಮೂವತ್ತಾರೇ. ಕೊನೆಯ ಎರಡು ಅಂಕಿ ಸೇರಿಸಿದಾಗ ಮಾತ್ರ ಲೆಕ್ಕ ಸರಿಹೋಯಿತು. ಇದು ಕಾರಿನಿಂದ ಇಳಿಸಬೇಕಾದ ಭಾರದ ಪಟ್ಟಿ. ಹಿಂದಿನ ಸೀಟು ಬಿಚ್ಚುವ ಬಗೆಯನ್ನು ಈಗಷ್ಟೇ ತನ್ನ ಬಾಯಾರೆ ಹೇಳಿಕೊಟ್ಟಿದ್ದಳು.

ಹೆಜ್ಜೆಯ ಸದ್ದಾಯಿತು. ಅವನು ಬಂದವನೇ ಎಡಬಾಗಿಲು ತೆರೆದು, ಮಂಡಿಯೂರಿ, ಮುಂದಿನ ಸೀಟಿನ ಬುಡಕ್ಕೆ ತಲೆ ತೂರಿಸಿದ. ಮದುವೆಯಾದಂದಿನಿಂದ ಅವಳೊಬ್ಬಳೇ ಕೂತ ಸೀಟು ಅದು.

"ಇದರ ಬೋಲ್ಟ್ ಯಾವ ನಂಬರ್ರು?"

ಸುಳ್ಳು ಹೇಳಬಹುದಿತ್ತು. ಕಸುಬಿನ ಬಾಯಿ ತಡೆಯಲಿಲ್ಲ.

"ಹದಿನಾಲ್ಕು."

"ಕೊಡು."

ಸ್ಪ್ಯಾನರುಗಳು ಡಬ್ಬಿಯಲ್ಲಿ ಸಾಲಾಗಿದ್ದವು. ಅವಳು ಹದಿನಾಲ್ಕರದನ್ನು ಎತ್ತಿಕೊಂಡಳು. ತಣ್ಣಗಿತ್ತು. ಮಗಳು ಸೀಟಿನ ಮೇಲೆ ಕೂತು, ಇಲ್ಲದ ಸ್ಟೀರಿಂಗ್ ತಿರುಗಿಸುತ್ತಾ ಬಾಯಲ್ಲೇ ಗೇರು ಹಾಕುತ್ತಿದ್ದಳು.

"ಎಲ್ಲಿ, ಕೊಡು ಅಂದ್ನಲ್ಲ," ಎಂದ ಅವನು, ತಲೆ ಎತ್ತದೆ. ಗ್ರೀಸು ಮೆತ್ತಿದ ಅಂಗೈ ಕಾರಿನಿಂದ ಆಚೆ ಚಾಚಿಕೊಂಡೇ ಇತ್ತು. ಅವಳ ಮುಷ್ಟಿಯೊಳಗೆ ಸ್ಪ್ಯಾನರ್ ನಿಧಾನವಾಗಿ ಬೆಚ್ಚಗಾಗುತ್ತಿತ್ತು.