ಅಂಚಿನಲ್ಲಿ ಬರೆದ ಸಾಲು

ಅವಳು ಮೊದಲ ದಿನ ತರಗತಿಗೆ ಕಾಲಿಟ್ಟಾಗ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು, ಪಾಠ ಮಾಡುವವರೇ ಬಂದರೆಂದುಕೊಂಡು. ನಲವತ್ತಾರರ ಆ ಹೆಂಗಸು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಂದಿನಿಂದ ಅವಳಿಗೆ 'ಮೇಡಂ' ಎಂಬ ಹೆಸರೇ ಖಾಯಂ ಆಯಿತು. ಪಕ್ಕದಲ್ಲಿ ಮಾತ್ರ ಯಾರೂ ಕೂರಲಿಲ್ಲ.

ಇಪ್ಪತ್ತೆರಡು ವರ್ಷ ಅವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವಳು. ಕೆಲಸ ಕಲಿಸಿದ ಹಿರಿಯ ಮೊದಲ ವಾರವೇ ಹೇಳಿದ್ದ: "ಅರ್ಥದ ಹಿಂದೆ ಹೋಗ್ಬೇಡಮ್ಮ. ಕಥೆ ಚೆನ್ನಾಗಿದೆ ಅಂತ ಮೈಮರೆತ್ರೆ ಕೊಂಬು, ದೀರ್ಘ ಎಲ್ಲಾ ಕಣ್ತಪ್ಪಿ ಹೋಗುತ್ತೆ." ಆ ಮಾತನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. ಕಾದಂಬರಿಯಿರಲಿ, ಕಾನೂನಿರಲಿ, ಸತ್ತವರ ನೆನಪಿನ ಪುಸ್ತಕವಿರಲಿ, ಅವಳ ಪಾಲಿಗೆ ಬರೀ ಅಕ್ಷರ. ಮುದ್ರಣಾಲಯ ಮುಚ್ಚಿದ ಮೇಲೆ, ಅರ್ಧಕ್ಕೆ ನಿಂತ ಓದು ಮುಗಿಸೋಣವೆಂದು ಕಾಲೇಜು ಸೇರಿದಳು. ಬೇಡ ಎನ್ನಲು ಮನೆಯಲ್ಲಿ ಯಾರೂ ಇರಲಿಲ್ಲ.

ಉಪನ್ಯಾಸಕಿ ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಒಂಟಿ ಬದುಕಿನ ಸುಖವನ್ನು ಹೊಗಳುವ ಪ್ರಬಂಧವೊಂದನ್ನು ಹಂಚಿ, ಅಂಚಿನಲ್ಲಿ ಟಿಪ್ಪಣಿ ಬರೆದು ತರಲು ಹೇಳಿದಳು. ಇವಳು ಹನ್ನೊಂದು ಅಚ್ಚಿನ ತಪ್ಪು ಗುರುತಿಸಿ ಕೊಟ್ಟಳು.

"ಅಬ್ಬಾ, ನನಗೆ ಎರಡೇ ಕಂಡಿತ್ತು!" ಎಂದಳು ಉಪನ್ಯಾಸಕಿ. "ಆದ್ರೆ ಇದನ್ನ ಬರೆದವನು ಹೇಳಿದ್ದು ನಿಮಗೆ ಒಪ್ಪಿಗೆನಾ?"

"ಒಪ್ಪೋಕೆ ಬಿಡೋಕೆ ನಾನ್ಯಾರು? ಅಚ್ಚಾಗಿರೋದಲ್ವಾ."

"ಅಚ್ಚಾದ್ರೇನಂತೆ? ಅವನ ಜೊತೆ ಜಗಳ ಆಡಿ. ಇನ್ನೊಂದ್ಸಲ ಓದ್ಕೊಂಡು ಬನ್ನಿ."

ಭಾನುವಾರ ಊಟವಾದ ಮೇಲೆ ಕಿಟಕಿಯ ಬಳಿ ಕೂತಳು. ಜಗಳವಾಡುವುದಾದರೂ ಹೇಗೆ? ಅಕ್ಷರ ಬಿಟ್ಟು ಮಾತು ಹಿಡಿಯಲು ಕಣ್ಣು ಕೇಳುತ್ತಿರಲಿಲ್ಲ. ಕೊನೆಗೆ ಗಟ್ಟಿಯಾಗಿ ಓದತೊಡಗಿದಳು. ತನ್ನದೇ ದನಿ ಆ ಕೋಣೆಯಲ್ಲಿ ಅಪರಿಚಿತರ ದನಿಯಂತೆ ಕೇಳಿಸಿತು. ಎರಡನೆಯ ಪುಟದಲ್ಲಿ ಲೇಖಕ 'ಕೆಲಸದವಳು ಚಹಾ ತಂದಿಟ್ಟಳು' ಎಂದಿದ್ದ. ನಾಲ್ಕನೆಯದರಲ್ಲಿ ಅವಳೇ ದೀಪ ಹಚ್ಚಿದಳು. ಐದನೆಯದರಲ್ಲಿ, ಅವನು ಕೆಮ್ಮಿದಾಗ ಅವಳೇ ಕಿಟಕಿ ಮುಚ್ಚಿದಳು.

ಪೆನ್ಸಿಲ್ ತಾನಾಗಿಯೇ ಓಡಿತು: 'ಹಾಗಾದರೆ ಇವನು ಒಂಟಿ ಹೇಗೆ? ಆ ಹೆಂಗಸು ಲೆಕ್ಕಕ್ಕಿಲ್ಲವೇ?'

ಅದರ ಕೆಳಗೆ ಇನ್ನೊಂದು ಸಾಲು ಬಂತು: 'ನಾನು ಕೆಮ್ಮಿದರೆ ಗೋಡೆಗೆ ಕೇಳಿಸುತ್ತದೆ, ಅಷ್ಟೇ.'

ಅಳಿಸಲು ರಬ್ಬರು ಹುಡುಕಿದಳು. ಸಿಕ್ಕಿತು. ಆದರೂ ಅಳಿಸಲಿಲ್ಲ.

ಮರುದಿನ ಉಪನ್ಯಾಸಕಿ ಮೊದಲ ಟಿಪ್ಪಣಿಯನ್ನಷ್ಟೇ, ಬರೆದವರು ಯಾರೆಂದು ಹೇಳದೆ, ತರಗತಿಗೆ ಓದಿದಳು. ಗದ್ದಲವೋ ಗದ್ದಲ. "ಸುಳ್ಳ ಇವನು!" ಎಂದನೊಬ್ಬ. "ಕೆಲಸದವರು ಇದ್ರೂ ಒಂಟಿ ಅನ್ಸಬಹುದಪ್ಪಾ," ಎಂದಳೊಬ್ಬಳು. ಅರ್ಧ ಗಂಟೆ ವಾದ ನಡೆಯಿತು. ಹಿಂದಿನ ಬೆಂಚಿನಲ್ಲಿ ಕೂತವಳ ಕಿವಿ ಬಿಸಿಯಾಗಿತ್ತು. ತನ್ನ ಮಾತಿಗೆ ಮೂವತ್ತು ಜನ ಉತ್ತರ ಕೊಡುತ್ತಿದ್ದರು, ಆದರೆ ಒಬ್ಬರೂ ಅವಳತ್ತ ತಿರುಗಲಿಲ್ಲ. ಪ್ರಬಂಧದ ಪ್ರತಿ ಮರಳಿ ಕೈಗೆ ಬಂದಾಗ ಎರಡನೆಯ ಸಾಲಿನ ಪಕ್ಕದಲ್ಲಿ ಉಪನ್ಯಾಸಕಿ ಸಣ್ಣಗೆ ಬರೆದಿದ್ದಳು: 'ಓದಿದೆ.'

ಸಂಜೆ ದೂರದೂರಿನ ತಂಗಿ ಎಂದಿನಂತೆ ಫೋನ್ ಮಾಡಿದಳು. "ನಾವೆಲ್ಲ ಚೆನ್ನಾಗಿದೀವಿ. ನೀನೂ ಚೆನ್ನಾಗಿದೀಯಲ್ಲ? ಸರಿ, ಇಡ್ಲಾ?"

ಇಷ್ಟು ವರ್ಷ ಆ ಪ್ರಶ್ನೆಗೆ 'ಹ್ಞೂಂ' ಎಂದವಳು ಇವತ್ತು ತಡೆದಳು. ಪ್ರಶ್ನೆಯೊಳಗೇ ಉತ್ತರವನ್ನೂ ಇಟ್ಟು ಕೇಳುತ್ತಾಳಲ್ಲ ಇವಳು, ಎನಿಸಿತು.

"ಅಷ್ಟೇನೂ ಚೆನ್ನಾಗಿಲ್ಲ ಕಣೇ."

"ಯಾಕೆ? ಜ್ವರಾನಾ?"

"ಜ್ವರ ಏನಿಲ್ಲ. ಮಾತಾಡೋಕೆ ಯಾರೂ ಇಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು. ತಂಗಿ ಫೋನ್ ಇಡಲಿಲ್ಲ. "ಕಾಲೇಜಲ್ಲಿ ಏನ್ ಓದಿಸ್ತಾರೆ?" ಎಂದು ಕೇಳಿದಳು.

ಅಕ್ಕ ಕುರ್ಚಿ ಎಳೆದುಕೊಂಡು ಹೇಳತೊಡಗಿದಳು.