ಮೂರನೇ ಮಿಷನ್ನಿನ ಹಿಂದೆ

“ಏ ಕುಂಟಿ, ಬಾರೇ ಇಲ್ಲಿ. ಪುಸ್ತಕದಲ್ಲಿ ಬಂದಿದ್ದೀಯಲ್ಲ, ಮಹಾರಾಣಿ.”

ಸೂಪರ್‌ವೈಸರ್ ಕನ್ನಡಕ ಏರಿಸಿ ಎಲ್ಲರೆದುರು ಅದನ್ನು ಓದಿದ: “ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಮೂರನೇ ಮಿಷನ್ನಿನ ಹಿಂದೆ, ಒಣಬಟ್ಟೆಯ ಗಾಡಿಯೊಳಗೆ, ಸರದಿಯಂತೆ ಕಾಲು ಗಂಟೆ ಮಲಗುತ್ತಾರೆ. ಇದು ಅವರ ಮೌನ ಪ್ರತಿರೋಧ. ಈ ಉಪಾಯ ಕಂಡುಹಿಡಿದವರು ಎಡಗಾಲು ಎಳೆದು ನಡೆಯುವ, ಮಾತುಗಾರ್ತಿಯಾದ ಒಬ್ಬ ಹಿರಿಯ ಕೆಲಸಗಾರ್ತಿ. ಹೆಸರು ಬದಲಾಯಿಸಲಾಗಿದೆ.”

“ಮೌನ ಪ್ರತಿರೋಧ ಅಂತೆ. ಕಳ್ಳಮುಂಡೇವಾ, ಸಂಬಳ ತಗೊಂಡು ಗೊರಕೆ ಹೊಡೀತೀರಾ?”

ನಮ್ಮ ಹನ್ನೊಂದು ಜನರಲ್ಲಿ ಕಾಲು ಎಳೆಯುವವಳು ನಾನೊಬ್ಬಳೇ. ಹೆಸರು ಬದಲಾಯಿಸುವ ಬದಲು ಕಾಲು ಬದಲಾಯಿಸಿದ್ದರೆ ಉಪಕಾರವಾಗುತ್ತಿತ್ತು. ಮಾತುಗಾರ್ತಿ ಅನ್ನುವುದಂತೂ ಸುಳ್ಳಲ್ಲ. ಪುಸ್ತಕ ಬರೆದ, ಸಂಶೋಧನೆ ಮಾಡುವ ಹುಡುಗ ಆರು ತಿಂಗಳು ನಮ್ಮ ಜೊತೆ ಬೆಡ್‌ಶೀಟು ಮಡಚಿದ. “ಅಕ್ಕ, ನಿಮ್ಮಿಂದ ಕಲಿಯೋಕೆ ಬಂದಿದ್ದೀನಿ” ಅಂದ. ನನ್ನಿಂದ ಕಲಿಯಲು ನಾನು ಹೆತ್ತ ಮಗನೂ ಬಂದವನಲ್ಲ. ಉಬ್ಬಿಹೋದೆ. ಕೇಳಿದ್ದನ್ನೂ ಹೇಳಿದೆ, ಕೇಳದ್ದನ್ನೂ ಹೇಳಿದೆ, ಕೊನೆಗೆ ಗಾಡಿಯಲ್ಲಿ ಅವನನ್ನೇ ಮಲಗಿಸಿ ತೋರಿಸಿದೆ. ದೊಣ್ಣೆ ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಎರಡೇ ದಿನದಲ್ಲಿ ಮಿಷನ್ನಿನ ಹಿಂದಿನ ಸಂದಿಗೆ ಜಾಲರಿ ಬಾಗಿಲು, ಬೀಗ. ಅಲ್ಲೇ ಇಸ್ತ್ರಿ ಮಾಡುವ ನನ್ನ ಸೊಸೆಗೆ ಏಳು ತಿಂಗಳು. ಕಾಲು ಊದಿತ್ತು. ಆ ಕಾಲು ಗಂಟೆಯೂ ಹೋಗಿ ಎಂಟು ಗಂಟೆ ನಿಂತೇ ಇರಬೇಕಾಯಿತು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವಾರ ಹುಡುಗ ಮತ್ತೆ ಬಂದ, ಪೆಟ್ಟಿಗೆ ತುಂಬ ಗಡಿಯಾರದ ಹಾಗೆ ಕೈಗೆ ಕಟ್ಟುವ ಪಟ್ಟಿ. ಪಕ್ಕದಲ್ಲಿ ಕೂತು ಕೇಳಿ ಬರೆಯುವ ಕಾಲ ಮುಗಿಯಿತಂತೆ. ಇನ್ನು ಕೂತದ್ದು, ನಿಂತದ್ದು ಎಲ್ಲ ಪಟ್ಟಿಯೇ ಬರೆದುಕೊಳ್ಳುತ್ತದಂತೆ.

“ಒಪ್ಪಿಗೆ ಪತ್ರ ಅಕ್ಕ. ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಹಿಂದೆ ತಗೋಬಹುದು.”

“ಹೋದ್ಸಲ ಹೇಳಿದ್ದನ್ನ ಹಿಂದೆ ತಗೊಳ್ಲಾ?”

“ಅದು ಅಚ್ಚಾಗಿಬಿಟ್ಟಿದೆ ಅಕ್ಕ.”

“ಹಂಗಾದ್ರೆ ಯಾವ ಸೀಮೆ ಒಪ್ಪಿಗೆನಯ್ಯಾ ಇದು?”

ಅವನು ಪತ್ರವನ್ನು ಮಡಚಿ ಮತ್ತೆ ಬಿಚ್ಚಿದ. ಪಾಪ ಅನ್ನಿಸಿತು, ಹಾಳು ಬುದ್ಧಿ ನನ್ನದು. ಅಷ್ಟರಲ್ಲಿ ಸೊಸೆ ಇಸ್ತ್ರಿ ಮೇಜು ಹಿಡಿದು ಬಾಗಿದಳು. “ಅತ್ತೆ, ಆಗ್ತಿಲ್ಲ.”

ಒಣಬಟ್ಟೆಯ ಗಾಡಿಯನ್ನು ದರದರ ಎಳೆದು ತಂದು ಸೂಪರ್‌ವೈಸರ್ ಮೇಜಿನ ಮುಂದೆಯೇ ನಿಲ್ಲಿಸಿದೆ. ಸೊಸೆಯನ್ನು ಮಲಗಿಸಿ, ಪಕ್ಕದಲ್ಲಿ ನೆಲಕ್ಕೆ ಕೂತು ಎಡಗಾಲು ಚಾಚಿದೆ. ಇಸ್ತ್ರಿ ಮೇಜಿನ ಹತ್ತಿರ ಯಾರೋ ಅವಳ ಪಾಲಿನ ಬೆಡ್‌ಶೀಟುಗಳನ್ನು ತಮ್ಮ ಕಡೆ ಎಳೆದುಕೊಂಡರು.

“ಎದ್ದೇಳೇ ಬೇವರ್ಸಿ. ನಾಳೆಯಿಂದ ಇಬ್ರಿಗೂ ಕೆಲ್ಸ ಇಲ್ಲ.”

“ನಾಳೆದು ನಾಳೆ. ಈಗ ಅವಳನ್ನ ಎಬ್ಬಿಸು ನೋಡೋಣ, ಬೋಳಿಮಗನೆ.”

ಹುಡುಗನ ಕಡೆ ತಿರುಗಿದೆ. “ಪಟ್ಟಿ ಒಳಗಿಡು, ಪೆನ್ನು ತೆಗಿ. ಮೌನ ಅಂತ ಬರೀಬೇಡ. ಹೆಸರೂ ಬದಲಾಯಿಸ್ಬೇಡ. ಕುಂಟಿ ಅಂತಲೇ ಬರಿ.”

ಸೂಪರ್‌ವೈಸರ್ ಫೋನು ಎತ್ತಿ ಮೇಲಿನವರಿಗೆ ದೂರು ಹೇಳತೊಡಗಿದ. ಅವನ ಮಾತು ಮುಗಿಯುವ ಮೊದಲೇ ಗಾಡಿಯೊಳಗಿಂದ ನನ್ನ ಸೊಸೆಯ ಗೊರಕೆ ಕೇಳಿಸಿತು.