ಕೊನೆಗೆ ಬಡಿಸಿದ ಸರ್ಕಾರಿ ನೌಕರಿ

ಹಿರೇಕೆರೂರಿನ ನಮ್ಮ ವಧೂವರ ಕೇಂದ್ರದ ಮಾಲೀಕ ಸುಶೀಂದ್ರರಿಗೆ ರೂಬಿ ಎಂಬ ಕಂಪ್ಯೂಟರ್ ಭಾಷೆಯ ಮೂರು ವಾರದ ಕೋರ್ಸು ತಲೆಗೇರಿತ್ತು. ಫಾರ್ಮು ಓದಿ ಪರಿಚಯದ ಕಾರ್ಡು ತಯಾರಿಸುವ ಸ್ಕ್ರಿಪ್ಟನ್ನು ತಾವೇ ಬರೆದರು. ಬಿಸಿಎ ಮುಗಿಸಿದ ನಾನು, ಈ ಶ್ವೇತಾ, ಅವರ ಲೆಕ್ಕದಲ್ಲಿ ಬರೀ ಟೈಪ್ ಮಾಡಲು ಲಾಯಕ್ಕು.

ರೂಬಿಯಲ್ಲಿ ಹ್ಯಾಶ್ ಎಂದರೆ ಹೆಸರು ಬರೆದ ಡಬ್ಬಿಗಳ ಸಾಲು. ಒಂದೇ ಡಬ್ಬಿಗೆ ಎರಡು ಸಲ ತುಂಬಿದರೆ ಮೊದಲಿನದು ಹೋಗಿ ಕೊನೆಯದು ಉಳಿಯುತ್ತದೆ. ಉದ್ಯೋಗ ಬರೆಯದೆ ಬಿಟ್ಟವರಿಗೆ ಇರಲಿ ಎಂದು ಸುಶೀಂದ್ರರು ಸ್ಕ್ರಿಪ್ಟಿನ ಕೊನೆಗೆ ಒಂದು ಸಾಲು ಹಾಕಿದ್ದರು: ಗಂಡಾದರೆ ‘ಸರ್ಕಾರಿ ನೌಕರಿ’, ಹೆಣ್ಣಾದರೆ ‘ಮನೆಗೆಲಸದಲ್ಲಿ ನಿಪುಣೆ’.

“ಸರ, ಈ ಸಾಲು ಮೊದಲ ಬರಬೇಕ್ರಿ. ಮಂದಿ ಬರದದ್ದು ಆಮ್ಯಾಲ,” ಎಂದೆ.

“ನಮ್ಮನ್ಯಾಗ ಬಂದವರ ಎಲಿ ಮೊದಲ, ಮನಿಯವರದು ಕಡೀಕ. ಗಿರಾಕಿ ಬರದದ್ದ ಮೊದಲ ಇರಲಿ,” ಎಂದರು. ಊಟದ ಪಂಕ್ತಿ ಬೇರೆ, ಹ್ಯಾಶ್ ಬೇರೆ ಎಂದು ಈ ಪುಣ್ಯಾತ್ಮನಿಗೆ ಯಾರು ಹೇಳಬೇಕು?

ಒಂದೇ ದಿನದಲ್ಲಿ ಹಾನಗಲ್ಲಿನಿಂದ ಸವಣೂರಿನ ತನಕ ಗಂಡುಗಳೆಲ್ಲ ಸರ್ಕಾರಿ ನೌಕರರಾದರು, ಎಂ.ಎಸ್ಸಿ. ಕಲಿತ ಹುಡುಗಿಯರೆಲ್ಲ ಪಾತ್ರೆ ತಿಕ್ಕಲು ಹತ್ತಿದರು. ಅಬಲೂರಿನಲ್ಲಿ ಗೋವಿನಜೋಳ ಬೆಳೆಯುವ ನನ್ನಣ್ಣ ಕರಿಬಸಪ್ಪನೂ ನೌಕರದಾರನಾದ. ಮೂವತ್ತಾರು ದಾಟಿದ ಅವನನ್ನು ಹನ್ನೊಂದು ಮನೆಯವರು ಒಲ್ಲೆ ಎಂದಿದ್ದರು. ಈಗ ತಡಸದ ಗುಡ್ಡಪ್ಪನವರು ಮಗಳನ್ನು ಕೊಡಲು ತಾವೇ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದರು. ಅಣ್ಣನೂ ಬಂದ. ನಾನು ಬಾಯಿ ಮುಚ್ಚಿಕೊಂಡು ಚಹಾ ಕೊಟ್ಟೆ. ನಾಚಿಕೆಯಾಗುತ್ತಿತ್ತು, ಆದರೂ ಮುಚ್ಚಿಕೊಂಡೆ.

“ಯಾವ ಇಲಾಖೇರಿ?” ಎಂದು ಗುಡ್ಡಪ್ಪ ಕೇಳಿದರು.

ಅಣ್ಣ ಕಾರ್ಡು ನೋಡಿದ. “ಇದು ತಪ್ಪೈತ್ರಿ. ನಾ ಒಕ್ಕಲುತನ ಮಾಡ್ತೇನಿ.”

ಗುಡ್ಡಪ್ಪ ಕಪ್ಪು ಕೆಳಗಿಟ್ಟರು. “ರೈತರಿಗೆ ನಾವು ಹೆಣ್ಣ ಕೊಡಂಗಿಲ್ಲ.”

“ನೀವೇನ್ ಮಾಡ್ತೀರಿ?” ಎಂದೆ.

“ನಾಕ ಎಕರೆ ಹತ್ತಿ ಐತಿ.”

ಅಣ್ಣ ಎದ್ದು ಹೋದ. “ಎಲ್ಲಾರ ಕಾರ್ಡೂ ತಿದ್ದತೇನಿ,” ಎಂದು ಸ್ಕ್ರಿಪ್ಟು ತೆರೆದು ಕೂತೆ. ಗುಡ್ಡಪ್ಪ ಹತ್ತಿರ ಬಂದು ದನಿ ತಗ್ಗಿಸಿದರು.

“ಈಗ ತಿದ್ದಬ್ಯಾಡವ್ವ. ನನ್ನ ಮಗನ ಕಾರ್ಡೂ ಅದರಾಗ ಐತಿ. ಸವಣೂರಿನ ಹೆಣ್ಣಿನವರು ಹೂಂ ಅಂದಾರ. ಲಗ್ನದ ಅಕ್ಕಿಕಾಳ ಬಿದ್ದ ಮ್ಯಾಲ ತಿದ್ದು.”

“ನಿಮ್ಮ ಮಗ ಏನ್ ಮಾಡ್ತಾರ್ರಿ?”

“ನನ್ನ ಜೋಡಿ ಹೊಲದಾಗ ಇರ್ತಾನ.”

ಎರಡು ಸಾಲುಗಳನ್ನು ಅದಲುಬದಲು ಮಾಡಿ ಓಡಿಸಿದೆ. ಅವರ ಮಗನ ಹೊಸ ಕಾರ್ಡನ್ನು ಅವರ ಕಣ್ಣೆದುರೇ ಸವಣೂರಿನವರಿಗೆ ವಾಟ್ಸಾಪ್ ಮಾಡಿದೆ. ಉದ್ಯೋಗ: ಒಕ್ಕಲುತನ.